ತಾನು ಬೇಯಿಸಿದ್ದನ್ನು ಉಣ್ಣದ ಸೇವಂತಿ

ಕೊಲ್ಲಮೊಗ್ರು ಪೇಟೆ ದಾಟಿ ಕಾಡಿನ ಅಂಚಿಗೆ ಸಾಗುವ ರಸ್ತೆಯಲ್ಲಿ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆ ಇದೆ. ಅಲ್ಲಿ ಬಿಸಿಯೂಟ ಬೇಯಿಸುವವರು ಸೇವಂತಿ. ಮೂವತ್ತು ತುಂಬುವ ಮೊದಲೇ ಆ ಕೆಲಸಕ್ಕೆ ಸೇರಿದವರಿಗೆ ಈಗ ನಲವತ್ತೈದು. ಶಾಲೆಯ ಅಡುಗೆಯವರ ಬದುಕನ್ನು ಅವರ ಮಾತಿನಲ್ಲೇ ಧ್ವನಿಮುದ್ರಿಸುವ ಕೆಲಸಕ್ಕೆ ಹೋದಾಗ ನನಗೆ ಅವರ ಪರಿಚಯವಾಯಿತು. ಮೊದಲ ಭಾನುವಾರ ಸೌದೆ ಒಲೆ ಹೋಗಿ ಗ್ಯಾಸು ಬಂದದ್ದು, ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿದದ್ದು ಮುಂತಾದ ಸಂಗತಿಗಳನ್ನು ಹೇಳಿದರು. ಮುಂದಿನ ಭಾನುವಾರ ತಮ್ಮ ಕರುಳಿನ ಕಾಯಿಲೆಯ ಕಥೆಯನ್ನು ತಾವಾಗಿ ತೆಗೆದರು. ಇಲ್ಲಿರುವುದು ಆ ಕಥೆ.

ಸೇವಂತಿಗೆ ಮದುವೆಯಾಗಿಲ್ಲ. ಹಾಸಿಗೆ ಹಿಡಿದಿದ್ದ ತಾಯಿಯನ್ನು ನೋಡಿಕೊಳ್ಳುವುದರಲ್ಲೇ ಸಂಬಂಧಗಳು ಬಂದುಹೋಗುವ ಪ್ರಾಯ ಕಳೆಯಿತು. ತಾಯಿ ತೀರಿಕೊಂಡ ಮೇಲೆ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ. ಅಣ್ಣ ಶೀನಪ್ಪ ಸಂಪಾಜೆಯ ಕಡೆ ರಬ್ಬರ್ ಮರದ ಹಾಲಿಳಿಸುವ ಟ್ಯಾಪಿಂಗ್ ಕೆಲಸ ವಹಿಸಿಕೊಂಡು ಹೆಂಡತಿ ಮಕ್ಕಳೊಂದಿಗೆ ಅಲ್ಲೇ ನೆಲೆಸಿದ್ದಾರೆ. ಶಾಲೆ ಬಿಟ್ಟ ಹೊತ್ತಿನಿಂದ ಮರುದಿನ ಬೆಳಗಿನವರೆಗೆ ಸೇವಂತಿಗೆ ಯಾರೊಂದಿಗೂ ಮಾತನಾಡುವ ಸಂದರ್ಭ ಬರುವುದಿಲ್ಲ. ಬೆಳಿಗ್ಗೆ ಶಾಲೆಗೆ ಬಂದು ಮೊದಲ ಮಾತು ಆಡುವಾಗ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತದೆ ಎಂದು, ಅದೊಂದು ದೊಡ್ಡ ವಿಷಯವೇ ಅಲ್ಲವೆಂಬ ಹಾಗೆ, ಹೇಳಿದರು.

ತಾಯಿ ತೀರಿದ ಮರುವರ್ಷ ಮಲದಲ್ಲಿ ರಕ್ತ ಕಾಣಿಸಿಕೊಂಡಿತು. ಉಷ್ಣವಾಗಿರಬೇಕೆಂದು ಪುನರ್ಪುಳಿ ಶರಬತ್ತು ಕುಡಿದರು, ನೀರು ಮಜ್ಜಿಗೆಯಲ್ಲೇ ಊಟ ಮುಗಿಸಿದರು. ಕಡಿಮೆಯಾಗದಿದ್ದಾಗ ಇದು ಮೂಲವ್ಯಾಧಿಯೇ ಎಂದು ತಾವೇ ತೀರ್ಮಾನಿಸಿ ಮೂಲವ್ಯಾಧಿಗೆ ಮದ್ದು ಎಂಬ ಬೋರ್ಡು ನೋಡಿ ಒಬ್ಬ ನಾಟಿವೈದ್ಯರಲ್ಲಿಗೆ ಹೋಗಿ ಲೇಹ್ಯ ತಂದರು. ಆರೋಗ್ಯ ಕೇಂದ್ರದಲ್ಲಿ ರಕ್ತದ ವಿಷಯ ಹೇಳಲು ನಾಚಿಕೆಯಾಗಿ ಬರೀ ಭೇದಿ ಎಂದದ್ದರಿಂದ ಆಮಶಂಕೆಯ ಮಾತ್ರೆ ಸಿಕ್ಕಿತು. ಕೆಲವು ತಿಂಗಳು ತಾನಾಗಿ ಶಮನವಾಗುತ್ತಿತ್ತು, ಮತ್ತೆ ಮರಳುತ್ತಿತ್ತು. ಮೊಣಕಾಲು ನೋಯತೊಡಗಿದಾಗ ಮೆಡಿಕಲ್ಲಿನಿಂದ ನೋವಿನ ಮಾತ್ರೆ ತಂದು ನುಂಗಿದರು. ಆ ನೋವೂ ಈ ಕಾಯಿಲೆಯದೇ ಆಗಿರಬಹುದೆಂದು, ಅಂಥ ಮಾತ್ರೆ ಕರುಳನ್ನು ಇನ್ನಷ್ಟು ಕೆರಳಿಸಬಹುದೆಂದು ತಿಳಿದದ್ದು ಬಹಳ ತಡವಾಗಿ.

ಶಾಲೆಯಲ್ಲಿ ಮಕ್ಕಳಿಗೆ ಬಡಿಸುವ ಮೊದಲು ಅಡುಗೆಯವರೂ ಒಬ್ಬ ಶಿಕ್ಷಕರೂ ರುಚಿ ನೋಡಬೇಕೆಂಬ ಕ್ರಮವಿದೆ. ಕಾಯಿಲೆ ಹೆಚ್ಚಾದ ದಿನಗಳಲ್ಲಿ ಒಂದು ಚಮಚ ಸಾಂಬಾರು ಒಳಗೆ ಹೋದರೂ ಸೇವಂತಿಗೆ ಹೊಟ್ಟೆ ಕಿವುಚುತ್ತಿತ್ತು. ಅಂಗೈಗೆ ಬಿಟ್ಟುಕೊಂಡು ನಾಲಿಗೆಗೆ ತಾಗಿಸಿ, ಹಿಂಬದಿಗೆ ಹೋಗಿ ಉಗುಳಿ ಬಾಯಿ ಮುಕ್ಕಳಿಸಿ ಬರುವುದನ್ನು ಅಭ್ಯಾಸ ಮಾಡಿಕೊಂಡರು. ಇದನ್ನು ಕಂಡವರು ಜೊತೆಯ ಅಡುಗೆಯವರಾದ ಅಪ್ಪಿ. ಅಪ್ಪಿ ಹಿರಿಯರು, ಕೆಲಸದಲ್ಲಿ ಗಟ್ಟಿ, ನಾಲಿಗೆ ಹರಿತ. ಅವರ ಮೊಮ್ಮಗ ಭವಿತ್ ಅದೇ ಶಾಲೆಯಲ್ಲಿ ನಾಲ್ಕನೆಯ ತರಗತಿಯಲ್ಲಿದ್ದ.

"ನೀನು ಬೇಯಿಸಿದ್ದು ನಿನಗೇ ಬೇಡ. ನಮ್ಮ ಭವಿತ್ ಉಣ್ಣುದು ಅದನ್ನೇ ಅಲ್ವಾ? ಎಂತ ಹಾಕ್ತಿ ಅದಕ್ಕೆ, ಮಾರಾಯ್ತಿ?" ಎಂದು ಅಪ್ಪಿ ಅರ್ಧ ತಮಾಷೆಯಲ್ಲಿ ಕೇಳಿದರು.

"ಉಪ್ಪು ಸರಿ ಉಂಟಾ ಅಂತ ನಾಲಿಗೆಗೆ ಗೊತ್ತಾದ್ರೆ ಸಾಕಲ್ಲ ಅಕ್ಕ, ಹೊಟ್ಟೆಗೆ ಎಂತಕ್ಕೆ?" ಎಂದು ಸೇವಂತಿ ನಕ್ಕು ತೇಲಿಸಿದರು.

ಅಪ್ಪಿ ಸುಮ್ಮನಾಗಲಿಲ್ಲ. ಸೇವಂತಿ ಉಗುಳುವುದು, ಅಡುಗೆಯ ನಡುವೆ ಮತ್ತೆ ಮತ್ತೆ ಶೌಚಾಲಯಕ್ಕೆ ಓಡುವುದು, ಎರಡನ್ನೂ ಸೇರಿಸಿ ತಾಯಂದಿರಲ್ಲಿ ಹೇಳಿದರು. ಅದೇ ವಾರ ಇಬ್ಬರು ಮಕ್ಕಳಿಗೆ ಮನೆಯಲ್ಲಿ ವಾಂತಿಯಾಯಿತು. ಶಾಲೆಯ ಅಡುಗೆಗೂ ಅದಕ್ಕೂ ಸಂಬಂಧವಿತ್ತೆಂದು ಯಾರೂ ತೋರಿಸಿಕೊಟ್ಟಿಲ್ಲ. ಆದರೂ ಕೆಲವು ಮಕ್ಕಳ ಚೀಲದಲ್ಲಿ ಮನೆಯ ಬುತ್ತಿ ಬರತೊಡಗಿತು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಸಂಕಪ್ಪ ಗೌಡರು ಮತ್ತು ಮುಖ್ಯೋಪಾಧ್ಯಾಯ ರಾಧಾಕೃಷ್ಣ ಮಾಷ್ಟ್ರು ಸೇವಂತಿಯನ್ನು ಕರೆದು ವಿಚಾರಿಸಿದರು. ಮೂಲವ್ಯಾಧಿ ಎಂದು ಸೇವಂತಿ ಹೇಳಿದರೆ, ಮೂಲವ್ಯಾಧಿಯವರು ಸಾಂಬಾರು ಉಗುಳುವುದನ್ನು ತಾನು ಕಂಡಿಲ್ಲವೆಂದರು ಗೌಡರು. ಮಾಷ್ಟ್ರು ಮೆಲ್ಲಗೆ ಮಾತನಾಡುವವರು. ಆದರೆ ತೀರ್ಮಾನ ಬೇರೆಯಾಗಲಿಲ್ಲ. ಹರಡುವ ಕಾಯಿಲೆ ಅಲ್ಲವೆಂದು ವೈದ್ಯರು ಹೇಳುವ ತನಕ ಸೇವಂತಿ ಅಡುಗೆಕೋಣೆಗೆ ಬರುವಂತಿಲ್ಲ. ವೈದ್ಯರ ಅಂಥ ಚೀಟಿ ಬಾರದಿದ್ದರೆ ಬೇರೆಯವರ ನೇಮಕ.

ದಿನದಲ್ಲಿ ಮನುಷ್ಯರ ಧ್ವನಿ ಕೇಳುವ ಒಂದೇ ಜಾಗ ಅವರಿಗೆ ಆ ಅಡುಗೆಕೋಣೆಯಾಗಿತ್ತು.

ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ಕರುಳಿನ ತಜ್ಞೆ ಡಾ. ಅನಘಾ ಸಿಗುತ್ತಾರೆಂದು ತಿಳಿದು ಒಬ್ಬರೇ ಹೋದರು. ಅಲ್ಲಿ ಮೊದಲ ಬಾರಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ವೈದ್ಯೆ ರಕ್ತ ಪರೀಕ್ಷೆ ಮಾಡಿಸಿದರು. ಮಲವನ್ನು ರೋಗಾಣುಗಳಿಗಾಗಿ ಒಮ್ಮೆ, ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಅಂಶಕ್ಕಾಗಿ ಇನ್ನೊಮ್ಮೆ ಪರೀಕ್ಷೆಗೆ ಕಳಿಸಿದರು. ರಕ್ತ ಬಹಳ ಕಡಿಮೆಯಿತ್ತು. ರೋಗಾಣು ಸಿಗಲಿಲ್ಲ. ಕ್ಯಾಲ್‌ಪ್ರೊಟೆಕ್ಟಿನ್ ಏರಿತ್ತು, ಎಂದರೆ ಕರುಳಿನೊಳಗೆ ಉರಿಯೂತ ಇರುವುದು ಬಹುಮಟ್ಟಿಗೆ ಖಚಿತ. ಹಾಗಾದರೆ ಇವತ್ತೇ ಒಂದು ಚೀಟಿ ಬರೆದುಕೊಡಿ, ಶಾಲೆಗೆ ತೋರಿಸಬೇಕು ಎಂದು ಸೇವಂತಿ ಕೇಳಿಕೊಂಡರು.

"ಹೊಗೆ ಉಂಟು ಅಂತ ಈ ಪರೀಕ್ಷೆ ಹೇಳ್ತದೆ. ಒಲೆ ಯಾವುದು ಅಂತ ಹೇಳುದಿಲ್ಲ" ಎಂದರು ವೈದ್ಯೆ. ಕೊಲೊನೋಸ್ಕೋಪಿ ಮಾಡಿ, ಸಣ್ಣ ಕ್ಯಾಮರಾದಿಂದ ದೊಡ್ಡ ಕರುಳನ್ನು ನೋಡಿ, ಒಳಪದರದ ಚೂರುಗಳನ್ನು ತೆಗೆದು ಬಯಾಪ್ಸಿಗೆ ಕಳಿಸಬೇಕು. ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ಇರಬಹುದು, ಕರುಳಿನ ಯಾವ ಭಾಗಕ್ಕೂ ಬರಬಲ್ಲ ಕ್ರೋನ್ಸ್ ಕಾಯಿಲೆ ಇರಬಹುದು. ನಮ್ಮ ಕಡೆ ಕರುಳಿನ ಕ್ಷಯವನ್ನೂ ಮರೆಯುವಂತಿಲ್ಲ. ಕ್ರೋನ್ಸ್‌ಗೂ ಕ್ಷಯಕ್ಕೂ ಹೊರನೋಟದಲ್ಲಿ ಹೋಲಿಕೆ ಹೆಚ್ಚು. ಕ್ರೋನ್ಸ್‌ಗೆ ಕೊಡುವ ಸ್ಟಿರಾಯ್ಡ್ ಕ್ಷಯವನ್ನು ಕೆರಳಿಸುತ್ತದೆ. ಆದ್ದರಿಂದ ಅಂದಾಜಿನ ಮೇಲೆ ಚಿಕಿತ್ಸೆಯನ್ನಾಗಲಿ ಚೀಟಿಯನ್ನಾಗಲಿ ಕೊಡಲು ಅವರು ಒಪ್ಪಲಿಲ್ಲ. ಹಿಂದಿನ ದಿನ ಕರುಳು ತೊಳೆಯುವ ದ್ರಾವಣ ಕುಡಿದ ಮೇಲೆ ಕೊಲ್ಲಮೊಗ್ರಿನಿಂದ ಬಸ್ಸಿನಲ್ಲಿ ಬರಲಾಗದು, ಮುಂಚಿತವಾಗಿ ದಾಖಲಾಗಬೇಕು. ಮಂಪರಿನ ಮದ್ದು ಕೊಡುವುದರಿಂದ ಜೊತೆಗೊಬ್ಬರು ಇರಲೇಬೇಕು.

ಜೊತೆಗೆ ಯಾರು ಬರುತ್ತಾರೆಂದು ನರ್ಸ್ ಕೇಳಿದಾಗ, ಆಮೇಲೆ ಹೇಳುತ್ತೇನೆಂದು ಸೇವಂತಿ ಎದ್ದು ಬಂದರು.

ಅಣ್ಣನಿಗೆ ಫೋನ್ ಮಾಡಿದರು. ಮೂಲವ್ಯಾಧಿಗೆ ಕ್ಯಾಮರಾ ಎಂತಕ್ಕೆ ಎಂದು ಶೀನಪ್ಪ ಕೇಳಿದರು. ಟ್ಯಾಪಿಂಗಿನ ಸಮಯ, ಒಂದು ದಿನವೂ ಬಿಡುವಂತಿಲ್ಲ. "ನಿನಗೆ ಗುರ್ತದವರು ಯಾರೂ ಇಲ್ವಾ ಅಲ್ಲಿ?" ಫೋನ್ ಇಟ್ಟ ಮೇಲೆ ಸೇವಂತಿ ಅದರೊಳಗಿದ್ದ ಹೆಸರುಗಳನ್ನು ಒಂದೊಂದಾಗಿ ನೋಡಿದರು. ಗ್ಯಾಸ್ ತರುವವರು, ಮೊಟ್ಟೆ ತರುವವರು, ಲೈನ್‌ಮ್ಯಾನ್, ಪಂಪು ರಿಪೇರಿಯವರು. ಏನಾದರೂ ಮುಗಿದಾಗಲೋ ಕೆಟ್ಟಾಗಲೋ ಕರೆಯಬೇಕಾದವರ ಹೆಸರುಗಳೇ ಎಲ್ಲ.

ವಿಷಯ ತಿಳಿದ ರಾಧಾಕೃಷ್ಣ ಮಾಷ್ಟ್ರು ತಮ್ಮ ಹೆಂಡತಿಯನ್ನು ಕಳಿಸುತ್ತೇನೆಂದರು. ಒಪ್ಪಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸೇವಂತಿ ಒಂದು ದಿನ ಯೋಚಿಸಿ, ಬೇಡವೆಂದು ಹೇಳಿ, ಅಪ್ಪಿಯ ಮನೆಗೆ ಹೋದರು. ಅಪ್ಪಿ ಜಗಲಿಯಲ್ಲಿ ಕೂತು ವೀಳ್ಯದೆಲೆ ಒರೆಸುತ್ತಿದ್ದರು. ಆಸ್ಪತ್ರೆಗೆ ತನ್ನ ಜೊತೆ ಬರಬೇಕೆಂದು ಸೇವಂತಿ ಪೀಠಿಕೆಯಿಲ್ಲದೆ ಕೇಳಿದರು.

"ನನ್ನನ್ನು ಕರೀತಿಯಾ? ಹೇಳಿದ್ದು ನಾನೇ ಅಂತ ಗೊತ್ತುಂಟಲ್ಲ ನಿನಗೆ?"

"ಗೊತ್ತುಂಟು. ಅದಕ್ಕೇ ನೀವು ಬರ್ಬೇಕು ಅಕ್ಕ. ಮಾಷ್ಟ್ರ ಹೆಂಡತಿ ಬಂದು ಹೇಳಿದ್ರೆ, ಪಾಪ ಅಂತ ಹೇಳಿದ್ದು ಅಂತಾರೆ. ನೀವು ಹೇಳಿದ್ದನ್ನು ಎಲ್ಲರೂ ನಂಬಿದ್ದಾರೆ. ನೀವೇ ಕಣ್ಣಾರೆ ನೋಡಿ ಬನ್ನಿ."

ಅಪ್ಪಿ ಎಲೆ ಮಡಚಿ ಬಾಯಿಗಿಟ್ಟುಕೊಂಡರು. "ತಾಗುವ ಕಾಯಿಲೆ ಅಂತ ಡಾಕ್ಟ್ರು ಹೇಳಿದ್ರೆ ಅದನ್ನೂ ಹೇಳ್ತೇನೆ ನಾನು."

"ಹೇಳಿ."

"ಆಸ್ಪತ್ರೆಯಲ್ಲಿ ಚಾ ಒಳ್ಳೆದು ಸಿಗ್ತದಾ?"

ಹೋಗುವ ದಿನ ಸೇವಂತಿ ಏನೂ ತಿಂದಿರಲಿಲ್ಲ. ಗುತ್ತಿಗಾರು, ನಿಂತಿಕಲ್ಲು, ಕಾಣಿಯೂರು, ಬಸ್ಸು ಎಲ್ಲಿ ಎಷ್ಟು ನಿಲ್ಲುತ್ತದೆ, ಎಲ್ಲಿ ಇಳಿದರೆ ಶೌಚಾಲಯ ಹತ್ತಿರ, ಎಲ್ಲಿ ಬೀಗ ಹಾಕಿರುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಕೇಳಿದಾಗ ಅಪ್ಪಿಗೆ ಹೇಳಿದರು.

ಸಂಜೆ ವಾರ್ಡಿನಲ್ಲಿ ದ್ರಾವಣ ಬಂತು. ಲೋಟದ ಮೇಲೆ ಲೋಟ ಕುಡಿಯಬೇಕು. ಅರ್ಧಕ್ಕೆ ಸೇವಂತಿ ಆಗುವುದಿಲ್ಲವೆಂದರು. "ಕುಡಿ, ಕುಡಿ. ಇವತ್ತು ಉಗುಳ್ಲಿಕ್ಕೆ ನಾನು ಬಿಡುದಿಲ್ಲ" ಎಂದರು ಅಪ್ಪಿ. ಇಬ್ಬರೂ ನಕ್ಕರು. ಆಮೇಲೆ ಸೇವಂತಿ ಮಂಚಕ್ಕೂ ಶೌಚಾಲಯಕ್ಕೂ ಓಡಾಡಿದಾಗಲೆಲ್ಲ ಅಪ್ಪಿ ಬಾಗಿಲ ಹೊರಗೆ ನಿಂತರು, ಒಳಗಿನ ರಕ್ತವನ್ನು ನೋಡಿದರು. ತಾಯಿ ಹೋದ ಮೇಲೆ ತನ್ನ ಬಾಗಿಲಿಗೆ ಕಾದು ನಿಂತವರು ಅವರೊಬ್ಬರೇ ಎಂದು ಸೇವಂತಿ ಹೇಳಿದರು. ಹಾಗೆಂದು ಅಪ್ಪಿಯ ಮೇಲಿನ ಸಿಟ್ಟು ಹೋಗಿರಲಿಲ್ಲ ಎಂದೂ ಸೇರಿಸಿದರು.

ಮರುದಿನ ಪರೀಕ್ಷೆಯಾಯಿತು. ಮಂಪರು ಇಳಿದ ಮೇಲೆ ವೈದ್ಯೆ ಇಬ್ಬರನ್ನೂ ಕೂರಿಸಿ ಚಿತ್ರಗಳನ್ನು ತೋರಿಸಿದರು. ಗುದದ್ವಾರದಿಂದ ಎಡಬದಿಯ ಕರುಳಿನವರೆಗೆ ಒಳಪದರ ಕೆಂಪಗೆ ಊದಿ, ಅಲ್ಲಲ್ಲಿ ಹುಣ್ಣಾಗಿ ಜಿನುಗುತ್ತಿತ್ತು. ಮೇಲಿನ ಭಾಗ ಸ್ವಚ್ಛ. ಮೊದಲ ಪ್ರಶ್ನೆ ಕೇಳಿದವರು ಅಪ್ಪಿ: "ಇದು ಮಕ್ಕಳಿಗೆ ತಾಗ್ತದಾ ಡಾಕ್ಟ್ರೆ?" ನೋಟಕ್ಕೆ ಅಲ್ಸರೇಟಿವ್ ಕೊಲೈಟಿಸ್, ಅದು ಹರಡುವಂಥದ್ದಲ್ಲ, ದೇಹದ ರಕ್ಷಣಾಶಕ್ತಿ ತನ್ನ ಕರುಳಿನ ಮೇಲೆಯೇ ತಿರುಗಿಬಿದ್ದಂತೆ ಎಂದರು ವೈದ್ಯೆ. ಆದರೂ ಬರೆದುಕೊಡುವುದು ಬಯಾಪ್ಸಿ ಬಂದ ಮೇಲೆಯೇ.

ಆ ವಾರ ಸೇವಂತಿ ಮನೆಯೊಳಗೇ ಇದ್ದರು. ಮಧ್ಯಾಹ್ನ ಊಟದ ಗಂಟೆ ಕೇಳುವಷ್ಟು ಹತ್ತಿರ ಅವರ ಮನೆ. ಗಂಟೆಯಾದಾಗ ಎದ್ದು ಅಂಗಳಕ್ಕೆ ಬಂದು, ಮಕ್ಕಳ ಗದ್ದಲ ನಿಲ್ಲುವವರೆಗೆ ನಿಂತು ಒಳಗೆ ಹೋಗುತ್ತಿದ್ದರು.

ಬಯಾಪ್ಸಿಯಲ್ಲಿ ಕ್ಷಯದ ಗುರುತು ಇರಲಿಲ್ಲ, ಕೊಲೈಟಿಸ್ ಖಚಿತವಾಯಿತು. ಎರಡನೆಯ ಭೇಟಿಗೆ ಅಪ್ಪಿ ಕರೆಯದೆಯೇ ಬಂದಿದ್ದರು. ಮೆಸಲಮೈನ್ ಮಾತ್ರೆ ಬಾಯಿಂದ, ಅದೇ ಮದ್ದು ಎನಿಮಾವಾಗಿ ಕೆಳಗಿನಿಂದ ಎಂದು ವೈದ್ಯೆ ಹೇಳಿದಾಗ, ಮಾತ್ರೆಯೊಂದೇ ಸಾಲದೇ ಎಂದು ಸೇವಂತಿ ಕೇಳಿದರು. ಹುಣ್ಣು ಕೆಳಗಿದೆ, ಕೆಳಗಿನಿಂದ ಹಾಕಿದ ಮದ್ದು ನೇರ ಅಲ್ಲಿಗೇ ಮುಟ್ಟುತ್ತದೆ, ಎರಡೂ ಸೇರಿದರೆ ಸಾಮಾನ್ಯವಾಗಿ ಗುಣ ಹೆಚ್ಚು ಎಂಬ ಉತ್ತರ ಬಂತು. ಸಾಲದಿದ್ದರೆ ಸ್ವಲ್ಪ ಕಾಲ ಸ್ಟಿರಾಯ್ಡ್. ಅದನ್ನು ವರ್ಷಗಟ್ಟಲೆ ನುಂಗುವಂತಿಲ್ಲ. ಕಾಯಿಲೆ ಮತ್ತೆ ಮತ್ತೆ ಮರಳಿದರೆ ರಕ್ಷಣಾಶಕ್ತಿಯನ್ನು ತಗ್ಗಿಸುವ ಮಾತ್ರೆಗಳಿವೆ, ಅವಕ್ಕೆ ಆಗಾಗ ರಕ್ತ ಪರೀಕ್ಷೆ ಬೇಕು. ಇನ್ನೂ ಮುಂದೆ ಹೋದರೆ ಬಯಾಲಜಿಕಲ್ ಇಂಜೆಕ್ಷನ್. ಅದಕ್ಕೆ ಮೊದಲು ದೇಹದಲ್ಲಿ ಅಡಗಿದ ಕ್ಷಯವಿಲ್ಲವೆಂದು ನೋಡಬೇಕು. ಯಾವುದಕ್ಕೂ ಬಗ್ಗದ ಕೆಲವರಿಗೆ ಶಸ್ತ್ರಚಿಕಿತ್ಸೆ. ಸುಖವಾಯಿತೆಂದು ಮಾತ್ರೆಯನ್ನು ತಾನಾಗಿ ನಿಲ್ಲಿಸಬಾರದು ಎಂಬುದನ್ನು ಮಾತ್ರ ವೈದ್ಯೆ ಎರಡು ಸಲ ಹೇಳಿದರು.

ಎನಿಮಾವನ್ನು ಎಡಮಗ್ಗುಲಾಗಿ ಮಲಗಿ ತಾನೇ ಹಾಕಿಕೊಳ್ಳಬಹುದು. ಬೇಕಾದರೆ ತಾನು ಬಂದು ಹಾಕುತ್ತೇನೆಂದರು ಅಪ್ಪಿ. ಬೇಡ ಎಂದರು ಸೇವಂತಿ. ಬೇಡವೆನ್ನುವುದು ಬಾಯಿಗೆ ಅಭ್ಯಾಸವಾಗಿತ್ತು, ಅಷ್ಟೇ ಎಂದು ನನ್ನಲ್ಲಿ ಹೇಳಿದರು.

ಸಮಿತಿಯವರೂ ತಾಯಂದಿರೂ ಸೇರಿದ ಸಭೆ ಶಾಲೆಯ ಜಗಲಿಯಲ್ಲಿ ನಡೆಯಿತು. ಮಾಷ್ಟ್ರು ವೈದ್ಯೆಯ ಚೀಟಿಯನ್ನು ಓದಿದರು. ಸೇವಂತಿ ಎಣಿಸಿದ್ದಂತೆಯೇ ತಾಯಂದಿರು ಚೀಟಿಯ ಕಡೆ ನೋಡಲಿಲ್ಲ, ಅಪ್ಪಿಯ ಕಡೆ ನೋಡಿದರು. ಅಪ್ಪಿ ಎದ್ದು ನಿಂತು, ಬಿಟ್ಟದ್ದೊಂದೂ ಇಲ್ಲದಂತೆ, ಕಂಡದ್ದನ್ನೆಲ್ಲ ಹೇಳಿದರು. ಸೇವಂತಿ ರಾತ್ರಿಯಿಡೀ ಓಡಾಡಿದ್ದು, ರಕ್ತ ಹೇಗಿತ್ತು, ಕ್ಯಾಮರಾ ಎಲ್ಲಿಂದ ಒಳಗೆ ಹೋಯಿತು, ಚಿತ್ರದಲ್ಲಿ ಕರುಳು ಯಾವ ಬಣ್ಣದಲ್ಲಿತ್ತು, ಮದ್ದನ್ನು ಈಗ ಯಾವ ದಾರಿಯಲ್ಲಿ ಹಾಕಬೇಕು. ಸಂಕಪ್ಪ ಗೌಡರೂ ಇತರ ಗಂಡಸರೂ ಅಲ್ಲೇ ಕೂತಿದ್ದರು. ಸೇವಂತಿ ನೆಲ ನೋಡಿದರು. ಅಪ್ಪಿ ನೋಡಿದ್ದನ್ನು ಹೇಳಲಿ ಎಂದೇ ಕರೆದುಕೊಂಡು ಹೋದದ್ದು; ನೋಡಿದ್ದನ್ನೆಲ್ಲ ಹೇಳಿಬಿಡುತ್ತಾರೆಂದು ಯೋಚಿಸಿರಲಿಲ್ಲ.

"ಹೇಲ್ತ್‌ನವರು ಬಂದು ಹೇಳುದು ಬೇಡ. ನಾನು ನೋಡಿ ಬಂದದ್ದು. ನಮ್ಮ ಭವಿತ್ ಉಣ್ಣುದು ಅವಳ ಕೈಯದ್ದೇ" ಎಂದು ಮುಗಿಸಿ ಅಪ್ಪಿ ಕೂತರು.

ಸೋಮವಾರದಿಂದ ಸೇವಂತಿಯೇ ಬರಲಿ ಎಂದರು ಗೌಡರು.

ಈಗ ಕಾಯಿಲೆ ಹತೋಟಿಯಲ್ಲಿದೆ. ಸಾಂಬಾರಿನ ಖಾರ ತಗ್ಗಿಲ್ಲ. ರುಚಿ ನೋಡುವುದನ್ನು ಅಪ್ಪಿಯೇ ವಹಿಸಿಕೊಂಡಿದ್ದಾರೆ. ಮಕ್ಕಳ ಊಟವಾದ ಮೇಲೆ ಸೇವಂತಿ ತಮ್ಮ ಮೊಸರನ್ನವನ್ನು ತೆಗೆದುಕೊಂಡು ಹಿಂಬದಿಯ ಮೆಟ್ಟಿಲಲ್ಲಿ ಕೂರುತ್ತಾರೆ. ಬುತ್ತಿ ತರುತ್ತಿದ್ದವರಲ್ಲಿ ಒಂದಿಬ್ಬರು ಇನ್ನೂ ತರುತ್ತಾರೆ.

ಸಂಜೆ ಬೀಗ ಹಾಕಿ ರಸ್ತೆಗೆ ಬಂದರೆ ಈಗ ಎದುರು ಸಿಕ್ಕ ಹೆಂಗಸರೆಲ್ಲ ಅವರನ್ನು ನಿಲ್ಲಿಸಿ ಮಾತನಾಡಿಸುತ್ತಾರೆ. "ಹೇಗುಂಟು ಈಗ? ದಿನಕ್ಕೆ ಎಷ್ಟು ಸಲ ಹೋಗುದು?" ಒಮ್ಮೆ ಎಂದು ಸೇವಂತಿ ಹೇಳುತ್ತಾರೆ. ಒಳ್ಳೆದಾಯ್ತು ಎಂದು ಅವರು ಮುಂದೆ ನಡೆಯುತ್ತಾರೆ. ಸೇವಂತಿಯಲ್ಲಿ ಕೇಳುವುದಕ್ಕೆ ಅವರಿಗೆ ಬೇರೆ ಏನೂ ಇರುವುದಿಲ್ಲ.