ಕಿವಿಯಕ್ಕ ಕಿವುಡಿಯಾದದ್ದು

ತಿನ್ನುವ ಕಪ್ಪೆಚಿಪ್ಪು ಆರಿಸುವ ಶೆಡ್ಡಿನಲ್ಲಿ ಬಾಗಿಲ ಪಕ್ಕದ ಮಣೆ ಕಿವಿಯಕ್ಕನದು. ಒಡೆಯ ಅವಳ ಸ್ವಂತ ತಮ್ಮನೇ ಆದರೂ ಮಣೆ ಸಿಕ್ಕಿದ್ದು ಆ ನಂಟಿನಿಂದಲ್ಲ, ಕಿವಿಯಿಂದ. ಎರಡು ಚಿಪ್ಪುಗಳನ್ನು ಕೆನ್ನೆಯ ಹತ್ತಿರ ಹಿಡಿದು ಒಂದಕ್ಕೊಂದು ತಟ್ಟುತ್ತಿದ್ದಳು. ಟಣ್ ಎಂದರೆ ಒಳಗೆ ಜೀವವಿದೆ, ಬುಟ್ಟಿಗೆ. ಬೊದ್ ಎಂದರೆ ಬಾಯಿ ಮುಚ್ಚಿಕೊಂಡೇ ಸತ್ತಿದೆ, ತಿಪ್ಪೆಗೆ. ಅವಳು ತಟ್ಟಿದ ಮಾಲನ್ನು ನಾನು ಮೂಸಿಯೂ ನೋಡದೆ ಕೊಳ್ಳುತ್ತಿದ್ದೆ. ನನ್ನ ವ್ಯಾಪಾರದಲ್ಲಿ ಹೆತ್ತ ತಾಯಿಯನ್ನೂ ಅಷ್ಟು ನಂಬುವುದಿಲ್ಲ.

ಬರಬರುತ್ತ ಬುಟ್ಟಿ ಬರಿದಾಗಿ ತಿಪ್ಪೆ ಬೆಳೆಯಿತು. ಒಡೆಯ ಅವಳು ಎಸೆದದ್ದರಲ್ಲಿ ಒಂದು ಬೊಗಸೆ ತಂದು ಉಪ್ಪುನೀರಿಗೆ ಹಾಕಿದ. ಒಂದೊಂದಾಗಿ ಬಾಯಿ ತೆರೆದವು. ಎಲ್ಲಕ್ಕೂ ಜೀವವಿತ್ತು. ಶೆಡ್ಡಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಕಡಲು ಪರೀಕ್ಷಿಸುವ ಕಚೇರಿಯಾಕೆ ಬಂದು ಕಾರಣ ಹೇಳಿದಳು. ಲೋಕದ ಹೊಗೆ ಕುಡಿದು ಕುಡಿದು ಕಡಲು ಹುಳಿಯಾಗುತ್ತಿದೆಯಂತೆ, ಚಿಪ್ಪು ಗಟ್ಟಿಯಾಗಿ ಬೆಳೆಯುತ್ತಿಲ್ಲವಂತೆ, ಅದಕ್ಕೇ ಬದುಕಿದ್ದರೂ ಬೊದ್ ಎನ್ನುತ್ತದಂತೆ. ನೀರು ಬಿಸಿಯೂ ಆಗುತ್ತಿದೆ, ಬೇಸಿಗೆಯಲ್ಲಿ ರಾಶಿರಾಶಿ ಸಾಯಬಹುದು ಎಂದೂ ಹೇಳಹೊರಟಳು. ಅಷ್ಟು ಹೊತ್ತಿಗೆ ಒಡೆಯ ಎದ್ದಿದ್ದ.

“ಅಕ್ಕಾ, ಇನ್ನೊಂದು ಸಲ ಜೀವ ಇರೋದನ್ನ ಎಸೆದ್ರೆ ಮಣೆ ನಿನ್ನ ಸೊಸೆಗೆ,” ಎಂದ. ಅದೇ ಶೆಡ್ಡಿನಲ್ಲಿ ದುಡಿಯುತ್ತಿದ್ದ ಆ ಸೊಸೆ, ಅಕ್ಕನ ಮಗನ ಹೆಂಡತಿ, ಆಗಲೇ ಮಣೆಯ ಧೂಳು ಒರೆಸುತ್ತಿದ್ದಳು.

ಬೇಸಿಗೆ ಬಂತು. ಒಂದು ಬೆಳಿಗ್ಗೆ ಬಂದ ಮಾಲೆಲ್ಲ ಬೊದ್. ಅಕ್ಕನ ಕೈ ತಿಪ್ಪೆಯ ಕಡೆ ಹೋಯಿತು, ತಮ್ಮನ ಮುಖ ಕಂಡಿತು, ಬುಟ್ಟಿಗೆ ಮರಳಿತು. ನಾನು ಎಂದಿನಂತೆ ಮೂಸಲಿಲ್ಲ. ಮಾಲು ಹೋದದ್ದು ಒಂದು ಕಾರ್ಖಾನೆಯ ಕ್ಯಾಂಟೀನಿಗೆ. ಉಂಡವರು ಆಸ್ಪತ್ರೆ ಸೇರಿದರು, ಇಬ್ಬರು ಮನೆಗೆ ಮರಳಲಿಲ್ಲ.

ತನಿಖೆಯ ಅಧಿಕಾರಿ ಬಂದಾಗ ಒಡೆಯ, ಮುದುಕಿ ಪೂರ್ತಿ ಕಿವುಡಿ, ಕರುಣೆಯಿಂದ ಇಟ್ಟುಕೊಂಡಿದ್ದೆ ಎಂದುಬಿಟ್ಟ. ಒಳಗೆ ಅಕ್ಕನಿಗೆ ಮೊದಲೇ ಬುದ್ಧಿ ಹೇಳಿದ್ದ: ಕೇಳಿಸಿತ್ತು ಅಂದರೆ ಗೊತ್ತಿದ್ದೇ ಕೊಂದ ಹಾಗೆ, ಜೈಲು. ಕೇಳಿಸಲಿಲ್ಲ ಅಂದರೆ ಮನೆ.

ಅಧಿಕಾರಿ ಅವಳ ಬೆನ್ನ ಹಿಂದೆ ನಿಂತು ಎರಡು ಚಿಪ್ಪು ತಟ್ಟಿದ. ಬಾಗಿಲಲ್ಲಿದ್ದ ನನಗೂ ಕೇಳಿಸಿತು. ಅಕ್ಕ ಕಣ್ಣು ಮುಚ್ಚಿಕೊಂಡಳು, ಕತ್ತು ಅಲುಗಿಸಲಿಲ್ಲ. ಅವನು ಮುಂದೆ ಬಂದು ಸನ್ನೆ ಮಾಡಿ, ಕೇಳಿಸಿತೇ ಎಂದ.

“ಏನಪ್ಪಾ? ಜೋರಾಗಿ ಹೇಳು,” ಎಂದಳು.

ಹೊರಗೆ ಬಂದವಳು ನನ್ನ ಪಕ್ಕ ಹಾದು ಹೋಗುವಾಗ ತುಟಿ ಮಾತ್ರ ಅಲುಗಿಸಿದಳು: “ಬೊದ್ದು, ಅಣ್ಣಾ. ಎರಡೂ ಸತ್ತಿದ್ವು.”

ಈಗ ಮಣೆಯ ಮೇಲೆ ಸೊಸೆ. ರಾತ್ರಿ ಊಟಕ್ಕೆ ಕೂತಾಗ ಈ ಮುದುಕಿ ಇನ್ನೆಷ್ಟು ದಿನವೋ ಎಂದು ಅವಳೆದುರೇ ಗಂಡನಿಗೆ ಹೇಳುತ್ತಾಳೆ. ಅಕ್ಕ ತಲೆ ಎತ್ತದೆ ಉಣ್ಣುತ್ತಾಳೆ. ಕಿವುಡಿಗೆ ಬೇಜಾರಾಗುವ ಹಾಗಿಲ್ಲವಲ್ಲ.