ಮಾತಾಡದ ಬೋರ್ಡು

ಕಾರ್ಖಾನೆಯಲ್ಲಿ ಅವಳಿಗೆ ಬೇಡಮ್ಮ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಇಟ್ಟವರು ಮಾತ್ರ ಅಳೆದೂ ಸುರಿದೂ ಇಟ್ಟಿದ್ದರು. ಲಿಫ್ಟುಗಳ ಹೊಟ್ಟೆಯೊಳಗೆ ಕೂರುವ ಪುಟ್ಟ ಕಂಪ್ಯೂಟರುಗಳನ್ನು ಮಾಡುವ ಕಾರ್ಖಾನೆ ಅದು. ಆ ಕಂಪ್ಯೂಟರಿಗೆ ಕರೆಂಟು ಬಂದೊಡನೆ ಎಲ್ಲರಿಗಿಂತ ಮೊದಲು ಎದ್ದು, ಮಿಕ್ಕವರನ್ನೆಲ್ಲ ಎಬ್ಬಿಸಿ ಕೆಲಸಕ್ಕೆ ಹಚ್ಚುವ ಪ್ರೋಗ್ರಾಮಿಗೆ ಕರ್ನೆಲ್ ಎನ್ನುತ್ತಾರೆ. ಬಿಡಿಭಾಗಗಳನ್ನು ಕೂರಿಸಿದ ಹಲಗೆ ಬೋರ್ಡು, ಅದರ ಮಿದುಳು ಪ್ರೊಸೆಸರ್. ಬೋರ್ಡಿನ ಮೇಲೆ ಯಾವ ಪ್ರೊಸೆಸರ್ ಇದೆಯೋ ಅದಕ್ಕೆ ತಕ್ಕ ಹಾಗೆ ಕರ್ನೆಲನ್ನು ಹೊಂದಿಸಿ ಕಟ್ಟುವುದು ಇವಳ ಕೆಲಸ. ಕಟ್ಟುವ ಮೊದಲು ಅದು ಸಾವಿರಾರು ಪ್ರಶ್ನೆ ಕೇಳುತ್ತದೆ. ಇಂಥ ಡಿಸ್ಕು ಬೇಕೆ, ಇಂಥ ಕ್ಯಾಮೆರಾ ಬೇಕೆ, ಹ್ಯಾಮ್ ರೇಡಿಯೋ ಬೇಕೆ? ಲಿಫ್ಟಿಗೆ ರೇಡಿಯೋ ಯಾಕೆ, ನಿಮ್ಮ ತಲೆ! ಅವಳು ಕನ್ನಡಕ ಮೂಗಿನ ತುದಿಗಿಳಿಸಿ, ಒಂದೊಂದಕ್ಕೂ ಗಟ್ಟಿಯಾಗಿ "ಬೇಡ, ಬೇಡ, ಬೇಡ" ಎನ್ನುತ್ತ ಕೀಲಿ ಒತ್ತುತ್ತಿದ್ದಳು. ಪಕ್ಕದ ಮೇಜಿನಲ್ಲಿ ಬೋರ್ಡುಗಳಿಗೆ ಬೆಸುಗೆ ಹಾಕುವ ಮುದುಕ ಅದನ್ನು ಕೇಳಿ ಕೇಳಿ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದ.

ಅವಳ ಕೈಯಿಂದ ಹೊರಟ ಕರ್ನೆಲ್ ಚಿಕ್ಕದು, ಗಟ್ಟಿ. ಮೈಯಲ್ಲಿ ಒಂದು ತೊಲ ಕೊಬ್ಬಿರುತ್ತಿರಲಿಲ್ಲ. ಅದರ ಹೆಮ್ಮೆ ಅವಳಿಗೆ ನೆತ್ತಿಗೇರಿತ್ತು, ಏರಲಿ, ಕೆಲಸ ಬಲ್ಲವಳು. ಆದರೆ ಅದೇ ಕತ್ತರಿಯನ್ನು ಅವಳು ಮನೆಗೂ ಕೊಂಡೊಯ್ದಳು. ಗಂಡ ತಂದ ಹೂಕುಂಡ ಬೇಡ. ಗಂಡನ ಗೆಳೆಯರು ಬೇಡ. ಮಗು ಯಾವಾಗ ಎಂದು ಕೇಳಿದ ಅತ್ತೆಗೆ, ಆಕೆ ಸಾಯುವವರೆಗೂ, ಬೇಡ. ಮನೆ ಚೊಕ್ಕಟವಾಗಿತ್ತು. ಗಂಡ ಒಳ್ಳೆಯವನು, ಬಸ್ಸುಗಳ ವೇಳಾಪಟ್ಟಿ ಬರೆಯುವ ಕಚೇರಿಯಲ್ಲಿ ಗುಮಾಸ್ತ. ಸಂಜೆ ಬಂದು ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದ, ಹಾಕಿದ್ದನ್ನು ಉಣ್ಣುತ್ತಿದ್ದ. ನಗುತ್ತಿರಲಿಲ್ಲ. ನಗುವುದು ಅವನಿಗೆ ಬರುವುದಿಲ್ಲ ಎಂದೇ ಅವಳು ತಿಳಿದಿದ್ದಳು.

ಬರುತ್ತಿತ್ತು. ಅದು ಅವಳಿಗೆ ಗೊತ್ತಾದದ್ದು ನಾದಿನಿ ಮನೆಗೆ ಬಂದಮೇಲೆ.

ಗಂಡನ ತಂಗಿ ಮದುವೆ ಮುರಿದುಕೊಂಡು ಒಂದು ಪೆಟ್ಟಿಗೆ ಹಿಡಿದು ಬಂದಳು. ಏಳು ವರ್ಷದ ಮಗಳು ಅಪ್ಪನ ಮನೆಯಲ್ಲೇ ಉಳಿದಳು, ಅಜ್ಜಿಯ ಹತ್ತಿರ. ದುಡಿಮೆ ಇಲ್ಲದ ತಾಯಿಯ ಕೈಗೆ ಮಗುವನ್ನು ಕೊಡುವುದು ಹೇಗೆ ಎಂದು ನ್ಯಾಯಾಧೀಶರು ಕೇಳಿದ್ದರು. ಶಾಲೆ ಶುರುವಾಗುವುದರೊಳಗೆ ಕಾಯಂ ಕೆಲಸವೊಂದನ್ನು ತೋರಿಸಿದರೆ ಮಗು ತಾಯಿಗೆ, ಇಲ್ಲವಾದರೆ ಮಗು ಅಪ್ಪನ ಜತೆ ದೂರದ ಊರಿಗೆ. ಅಲ್ಲಿಯವರೆಗೆ ಭಾನುವಾರ ಬೆಳಿಗ್ಗೆ ಒಂದು ಫೋನು. ನಾದಿನಿ ಮುಂಗೋಣೆಯಲ್ಲಿ ಹಾಸಿಗೆ ಹಾಕಿಕೊಂಡಳು, ಪಾತ್ರೆ ತೊಳೆದಳು, ಯಾರಿಗೂ ಭಾರವಾಗದ ಹಾಗೆ ಗೋಡೆ ಬದಿಯಲ್ಲೇ ಓಡಾಡಿದಳು. ಅದನ್ನೆಲ್ಲ ಬೇಡಮ್ಮ ಹೇಗೋ ಸಹಿಸುತ್ತಿದ್ದಳು. ಸಹಿಸಲಾಗದ್ದು ಊಟದ ಹೊತ್ತಿನ ನಗು. ಅಣ್ಣ ಚಿಕ್ಕವನಿದ್ದಾಗ ಕಣ್ಣಾಮುಚ್ಚಾಲೆ ಆಡುತ್ತ ಕಪಾಟಿನಲ್ಲಿ ಅವಿತು, ಅಲ್ಲೇ ನಿದ್ದೆ ಹೋಗಿದ್ದನಂತೆ, ಇಡೀ ಬೀದಿ ಅವನನ್ನು ಹುಡುಕಿತ್ತಂತೆ. ಈಗ ಉಪ್ಪಿನ ಡಬ್ಬಿ ಕಾಣದಿದ್ದರೂ ತಂಗಿ ಮೆಲ್ಲಗೆ "ಕಪಾಟು" ಎನ್ನುವಳು. ಅಣ್ಣ ಅನ್ನ ನೆತ್ತಿಗೇರಿ ಕೆಮ್ಮುವಷ್ಟು ನಗುವನು. ಹನ್ನೆರಡು ವರ್ಷ ಸಂಸಾರ ಮಾಡಿದವಳು ಎದುರಿಗೆ ಕೂತು ಸಾರು ಬಡಿಸುತ್ತಿದ್ದಳು. ಅವಳ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಹೀಗೆ, ಇಷ್ಟು ಸಣ್ಣ ಮಾತಿಗೆ.

ಗಂಡ ಗೋಗರೆದ ಮೇಲೆ ಬೇಡಮ್ಮನೇ ಕಾರ್ಖಾನೆಯ ಯಜಮಾನರ ಹತ್ತಿರ ಮಾತಾಡಿ ನಾದಿನಿಯನ್ನು ಅಲ್ಲಿಗೆ ಸೇರಿಸಿದಳು, ಸದ್ಯಕ್ಕೆ ಪರೀಕ್ಷೆಯ ಮೇಲೆ, ಕಾಯಂ ಅಲ್ಲ. ಆರು ತಿಂಗಳಲ್ಲಿ ಹುಡುಗಿ ಅತ್ತಿಗೆಯ ಕಸುಬನ್ನೇ ಕಲಿತಳು. "ನಿಮ್ಮ ನಾದಿನಿ ಕೈ ಚುರುಕು ಕಣ್ರೀ" ಎಂದು ಯಜಮಾನರು ಒಮ್ಮೆ ಹೇಳಿದರು. ಕಿಚ್ಚಿಗೆ ಅಷ್ಟು ಎಣ್ಣೆ ಸಾಕಾಗಿತ್ತು.

ಆ ಬೇಸಿಗೆಯಲ್ಲಿ ಹಳೆಯ ಪ್ರೊಸೆಸರ್ ಮಾಡುವವರು ಅದನ್ನು ನಿಲ್ಲಿಸಿಬಿಟ್ಟರು. ಬಂದದ್ದು ಬೇರೆ ಮನೆತನದ ಪ್ರೊಸೆಸರ್, ಅದರ ನಡೆ ಬೇರೆ, ನುಡಿ ಬೇರೆ. ಹಳೆಯದಕ್ಕೆ ಕಟ್ಟಿದ ಕರ್ನೆಲ್ ಅದರ ಮೇಲೆ ಮಿಸುಕುವುದೂ ಇಲ್ಲ. ಯಜಮಾನರು ಹೊಸ ಬೋರ್ಡನ್ನು ತಂದು ನಾದಿನಿಯ ಮೇಜಿನ ಮೇಲಿಟ್ಟರು.

"ಇದನ್ನ ಎಬ್ಬಿಸಿ ನೋಡೋಣ. ತಿಂಗಳ ಕೊನೆಗೆ ಲಿಫ್ಟ್ ಕಂಪನಿಯವರು ಬರ್ತಾರೆ. ಎದ್ದರೆ ಅವತ್ತೇ ನಿಮ್ಮನ್ನ ಕಾಯಂ ಮಾಡ್ತೀನಿ."

ಅವಳು ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿಗೆಯ ಹತ್ತಿರ ಓಡಿ ಬಂದಳು. "ಎಲ್ಲಿಂದ ಶುರು ಮಾಡ್ಲಿ ಅತ್ತಿಗೆ?"

"ನನ್ನ ಹಳೇ ಕಾನ್ಫಿಗ್ ತಗೋ. ಪ್ರೊಸೆಸರ್ ಭಾಗ ಮಾತ್ರ ಬದಲಾಯಿಸು. ಮೇಲಿನ ಭಾಗಕ್ಕೆ ಕೈ ಹಾಕ್ಬೇಡ, ವರ್ಷಗಟ್ಟಲೆ ಓಡಿರೋದು."

ಕಾನ್ಫಿಗ್ ಅಂದರೆ ಬೇಕು-ಬೇಡಗಳ ಆ ಪಟ್ಟಿ. ಅದರ ಮೇಲಿನ ಭಾಗದಲ್ಲಿ ಒಂದು ಸಾಲಿತ್ತು. ಕರ್ನೆಲ್ ಏಳುವಾಗ ತನ್ನ ಸ್ಥಿತಿಗತಿಯನ್ನು ಒಂದೊಂದಾಗಿ ಪರದೆಯ ಮೇಲೆ ಹೇಳಿಕೊಳ್ಳುತ್ತದಲ್ಲ, ಆ ಮಾತು ಬೇಕೆ ಬೇಡವೇ ಎಂಬ ಪ್ರಶ್ನೆಯ ಸಾಲು. ಲಿಫ್ಟಿನೊಳಗೆ ಕೂತದ್ದು ಮಾತಾಡಿದರೆ ಕೇಳುವವರು ಯಾರು? ಬೇಡಮ್ಮ ಅದಕ್ಕೂ ಬೇಡ ಎಂದಿದ್ದಳು. ಹೊಸ ಬೋರ್ಡು ಎಬ್ಬಿಸುವಾಗ ಮಾತ್ರ ಅದನ್ನು ತೆರೆದು, ಕೆಲಸ ಮುಗಿದ ಮೇಲೆ ಮುಚ್ಚುವುದು ಅವಳ ರೂಢಿ. ಬಾಗಿಲ ಚಿಲಕ ಹಾಕುವ ಹಾಗೆ ಕೈ ತಾನಾಗಿ ಮಾಡುವ ಕೆಲಸವಾದ್ದರಿಂದ ಹೇಳಿಕೊಡಬೇಕೆಂದು ಹೊಳೆಯಲಿಲ್ಲ. ಅಲ್ಲಿಯವರೆಗೆ ಅವಳದು ಮರೆವು, ಅಷ್ಟೆ. ಅವಳ ಪರವಾಗಿ ಹೇಳಬಹುದಾದದ್ದು ಇದೊಂದೇ, ಹೇಳಿ ಮುಗಿಸಿದ್ದೇನೆ.

ನಾದಿನಿ ಕರ್ನೆಲ್ ಕಟ್ಟಿ ಬೋರ್ಡಿಗೆ ತುಂಬಿದಳು. ಅದನ್ನು ತುಂಬುವ ಪ್ರೋಗ್ರಾಮಿನ ಕಡೆಯಿಂದ ಪರದೆಯ ಮೇಲೆ "ಕರ್ನೆಲ್ ಶುರುವಾಗುತ್ತಿದೆ" ಎಂಬ ಒಂದು ಸಾಲು ಬಂತು. ಆಮೇಲೆ ಏನೂ ಬರಲಿಲ್ಲ. ಬಿಳಿ ಚುಕ್ಕೆಯೊಂದು ಮಿನುಗುತ್ತ ನಿಂತಿತ್ತು. ಆ ಕಸುಬಿನವರಿಗೆ ಆ ಮೌನ ಗೊತ್ತು, ಸತ್ತ ಮನೆಯ ಮುಂದೆ ನಿಂತ ಹಾಗಿರುತ್ತದೆ. ಅವಳು ಮತ್ತೆ ಕಟ್ಟಿದಳು, ಮತ್ತೆ ತುಂಬಿದಳು, ಅದೇ ಸಾಲು, ಅದೇ ಚುಕ್ಕೆ.

ಮಾರನೆಯ ದಿನ ಅವಳು ನೀರು ಕುಡಿಯಲು ಎದ್ದು ಹೋದಾಗ ಬೇಡಮ್ಮ ಮೇಜಿನ ಹತ್ತಿರ ಬಂದಳು. ಬೋರ್ಡಿನ ಅಂಚಿನಲ್ಲಿ ನೆಟ್‌ವರ್ಕ್ ತಂತಿ ಸಿಕ್ಕಿಸುವ ಕಡೆ ಹಸಿರು ದೀಪವೊಂದು ಆರಿ, ಹತ್ತಿ, ಬಿಟ್ಟುಬಿಟ್ಟು ಮಿಟುಕುತ್ತಿತ್ತು. ಕರ್ನೆಲ್ ಎದ್ದು ನೆಟ್‌ವರ್ಕಿಗೆ ಕೈ ಹಾಕಿದರೆ ಮಾತ್ರ ಅದು ಹಾಗೆ ಮಿಟುಕುವುದು. ಪರದೆಯನ್ನೇ ಕಣ್ಣು ಪಿಳುಕಿಸದೆ ನೋಡುತ್ತಿದ್ದ ಹುಡುಗಿಗೆ ಅದು ಕಂಡಿರಲಿಲ್ಲ.

"ಜೀವ ಇದೆ. ಬಾಯಿಲ್ಲ ಅಷ್ಟೆ" ಎಂದಳು ಬೇಡಮ್ಮ.

ಬೆಸುಗೆಯ ಮುದುಕ ಹತ್ತಿ ತೆಗೆದ. "ಹಂಗಾದ್ರೆ ಹೇಳಿಬಿಡಿ ಅಮ್ಮಾ, ಪಾಪ ನಿನ್ನೆಯಿಂದ ಒದ್ದಾಡ್ತಿದೆ ಮಗು."

"ಕಲೀಲಿ ಬಿಡಿ. ನಮಗ್ಯಾರು ಹೇಳ್ಕೊಟ್ರು?"

ಎರಡು ದಿನ ಒದ್ದಾಡಲಿ, ಆಮೇಲೆ ಹೇಳಿದರಾಯಿತು ಎಂದೇ ಅವಳು ಅಂದುಕೊಂಡದ್ದು. ಆದರೆ ಎರಡು ದಿನ ಕಳೆದ ಮೇಲೆ ಹೇಳಿದರೆ ಎರಡು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಹುಟ್ಟುತ್ತದೆ. ವಾರ ಕಳೆದರೆ ಇನ್ನೂ ದೊಡ್ಡದಾಗುತ್ತದೆ. ಹೀಗೆ ಅವಳ ತುಟಿ ದಿನದಿನಕ್ಕೆ ಬಿಗಿಯಾಯಿತು. ಅದರಲ್ಲಿ ಒಂದು ಸುಖವೂ ಇತ್ತು, ಅದನ್ನೂ ಮುಚ್ಚಿಡುವುದು ಬೇಡ. ಊಟದ ಹೊತ್ತಿನಲ್ಲಿ ನಗು ನಿಂತಿತ್ತು.

ಭಾನುವಾರ ಫೋನು ಬಂತು. ಬೇಡಮ್ಮ ಅಡಿಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದಳು. ಫೋನಿನಲ್ಲಿ ಮಗುವಿನ ದನಿ ಎಷ್ಟು ಜೋರೆಂದರೆ ಮನೆಗೆಲ್ಲ ಕೇಳುತ್ತಿತ್ತು.

"ಅಮ್ಮಾ, ನಿನ್ನ ಮಶೀನು ಮಾತಾಡ್ತಾ?"

"ಇನ್ನೂ ಇಲ್ಲ ಪುಟ್ಟಿ. ಹಟ ಹಿಡಿದು ಕೂತಿದೆ."

"ಬೈಬೇಡ ಅಮ್ಮಾ. ಬೈದ್ರೆ ಮಾತಾಡಲ್ಲ. ಅದು ಮಾತಾಡಿದ ದಿನ ನಾನು ಬರೋದು ಅಲ್ವಾ?"

ಬೇಡಮ್ಮನ ಕೈಯಲ್ಲಿದ್ದ ಬಟಾಣಿ ಕೈಯಲ್ಲೇ ಉಳಿಯಿತು. ಅವಳೇನೂ ಕಲ್ಲಲ್ಲ. ಎದ್ದಳು, ಸೆರಗಿಗೆ ಕೈ ಒರೆಸಿಕೊಂಡಳು, ಬಾಗಿಲವರೆಗೆ ಬಂದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಫೋನಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದ ತಂಗಿಗೆ ಅಣ್ಣ ಹೇಳಿದ: "ನಿನ್ನ ಕರ್ನೆಲ್ಲು ಎಲ್ಲೋ ಕಪಾಟಲ್ಲಿ ಅವಿತ್ಕೊಂಡು ನಿದ್ದೆ ಹೊಡೀತಿರ್ಬೇಕು ಕಣೇ." ತಂಗಿ ಅಳುತ್ತಲೇ ನಕ್ಕಳು. ಅವನೂ ನಕ್ಕ, ಅವಳ ತಲೆಯ ಮೇಲೆ ಕೈಯಿಟ್ಟು.

ಬೇಡಮ್ಮ ತಿರುಗಿ ಹೋಗಿ ಬಟಾಣಿಯ ಮುಂದೆ ಕೂತಳು.

ಮರುವಾರ ನಾದಿನಿ ಬಾಯಿಬಿಟ್ಟೇ ಕೇಳಿದಳು. ಕಣ್ಣ ಕೆಳಗೆ ಕಪ್ಪಾಗಿತ್ತು, ಕೂದಲು ಬಾಚಿರಲಿಲ್ಲ. "ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದ್ಸಲ ನೋಡಿ." ಬೇಡಮ್ಮ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಕಾನ್ಫಿಗನ್ನು ಮೇಲಿನಿಂದ ಓದಿದಳು. ಆ ಸಾಲು ಬಂತು. ಅವಳ ಕಣ್ಣು ಅಲ್ಲಿ ನಿಂತಿತು. ಆಮೇಲೆ ಅವಳ ಬೆರಳು ಕೀಲಿ ಒತ್ತಿತು, ಸಾಲು ಮೇಲಕ್ಕೆ ಸರಿದು ಮರೆಯಾಯಿತು.

"ಎಲ್ಲ ಸರಿಯಾಗೇ ಇದೆಯಲ್ಲ. ಪ್ರೊಸೆಸರ್ ಭಾಗವನ್ನೇ ಇನ್ನೊಂದ್ಸಲ ನೋಡು."

ಇದು ಮರೆವಲ್ಲ.

ಹುಡುಗಿ ಪ್ರೊಸೆಸರಿನ ಕೈಪಿಡಿಯನ್ನು ಮೊದಲ ಪುಟದಿಂದ ಓದಿದಳು. ಮೆಮೊರಿ ಚಿಪ್ಪು ಕೆಟ್ಟಿರಬೇಕೆಂದು ಮುದುಕನಿಂದ ಬಿಚ್ಚಿಸಿ ಬೇರೆ ಹಾಕಿಸಿದಳು. ಮುದುಕ ಎರಡು ಸಲ ಬಾಯಿ ತೆರೆದ, ಎರಡು ಸಲವೂ ಬೇಡಮ್ಮ ಅವನನ್ನು ನೋಡಿದಳು, ಅವನು ಬೆಸುಗೆಯ ಹೊಗೆಯೊಳಗೆ ಮುಖ ತಗ್ಗಿಸಿದ. ಇಳಿವಯಸ್ಸಿನಲ್ಲಿ ಕೆಲಸ ಕಳೆದುಕೊಳ್ಳುವ ಧೈರ್ಯ ಅವನಿಗೂ ಇರಲಿಲ್ಲ. ಮೇಲಿನ ಭಾಗಕ್ಕೆ ಮಾತ್ರ ಹುಡುಗಿ ಕೈ ಹಾಕಲಿಲ್ಲ. ಅತ್ತಿಗೆ ಬೇಡ ಎಂದಿದ್ದರು, ಅತ್ತಿಗೆಯೇ ನೋಡಿ ಸರಿ ಇದೆ ಎಂದಿದ್ದರು.

ಲಿಫ್ಟ್ ಕಂಪನಿಯವರು ಬಂದರು. ಎಲ್ಲರೂ ಮೇಜಿನ ಸುತ್ತ ನಿಂತರು. ನಾದಿನಿ ಸ್ವಿಚ್ಚು ಒತ್ತಿದಳು. ಒಂದು ಸಾಲು, ಒಂದು ಚುಕ್ಕೆ. ಬಂದವರಲ್ಲಿ ಒಬ್ಬ ಗಡಿಯಾರ ನೋಡಿಕೊಂಡ. ಯಜಮಾನರ ಮುಖ ಕಪ್ಪಿಟ್ಟಿತು.

"ನೀವೇ ಕೂತ್ಕೊಳ್ರೀ" ಎಂದರು ಬೇಡಮ್ಮನಿಗೆ.

ಅವಳು ಕೂತಳು. ಒಂದು ಸಾಲಿನಲ್ಲಿ ಬೇಡವನ್ನು ಬೇಕು ಮಾಡಿದಳು. ಬಂದವರ ಕೈಗೆ ಕೊಟ್ಟ ಚಹಾ ಮುಗಿಯುವಷ್ಟರಲ್ಲಿ ಕರ್ನೆಲ್ ಮತ್ತೆ ಕಟ್ಟಿಯಾಗಿತ್ತು. ಸ್ವಿಚ್ಚು ಒತ್ತಿದೊಡನೆ ಪರದೆಯ ಮೇಲೆ ಸಾಲುಗಳು ದಬದಬ ಸುರಿದವು. ಇಷ್ಟು ದಿನ ತಡೆದಿಟ್ಟುಕೊಂಡಿದ್ದನ್ನೆಲ್ಲ ಬೋರ್ಡು ಒಂದೇ ಉಸಿರಿಗೆ ಹೇಳಿಬಿಟ್ಟಿತು. ಬಂದವರು "ಭೇಷ್" ಎಂದರು.

"ಏನು ಮಾಡಿದ್ರಿ ಅತ್ತಿಗೆ?" ನಾದಿನಿ ಪರದೆಗೆ ಬಗ್ಗಿ ಕೇಳಿದಳು.

"ಏನಿಲ್ಲ. ಮೆಸೇಜು ಆಫ್ ಆಗಿತ್ತು."

"ಮೇಲಿನ ಭಾಗದಲ್ಲಾ? ಕೈ ಹಾಕ್ಬೇಡ ಅಂದಿದ್ರಲ್ಲ..."

"ಅಂದಿದ್ದೆ. ಸ್ವಂತ ಬುದ್ಧಿ ಅನ್ನೋದು ಬೇಡ್ವಾ?"

ಎಲ್ಲರೂ ಕೇಳಿಸಿಕೊಂಡರು. ಒಬ್ಬಿಬ್ಬರು ನಕ್ಕರು. ನಾದಿನಿ ತಲೆ ತಗ್ಗಿಸಿ, "ಹೌದು, ನನಗೇ ತಿಳೀಬೇಕಿತ್ತು, ಕ್ಷಮಿಸಿ" ಎಂದಳು. ಅತ್ತಿಗೆ ಅಂದು ಆ ಸಾಲನ್ನು ಕಣ್ತಪ್ಪಿ ದಾಟಿಸಿದರೆಂದೇ ಅವಳು ನಂಬಿದ್ದಳು, ಇವತ್ತಿಗೂ ಹಾಗೇ ನಂಬಿದ್ದಾಳೆ. ಸಂಜೆ ಯಜಮಾನರು ಅವಳನ್ನು ಕರೆದು ನಾಳೆಯಿಂದ ಬರಬೇಕಾಗಿಲ್ಲ ಎಂದರು.

ಆ ವಾರವೇ ಮಗುವಿನ ಅಪ್ಪ ಕಾಗದಪತ್ರ ಮುಗಿಸಿಕೊಂಡ. ನಾದಿನಿ ಬೇರೊಂದು ಊರಿನ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಮೇಲ್ವಿಚಾರಕಿಯ ಕೆಲಸ ಹಿಡಿದಳು. ಅಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿಲ್ಲ. ಶನಿವಾರ ಹೊರಡುವಾಗ ಅಣ್ಣನ ಕೈ ಹಿಡಿದುಕೊಂಡಳು. "ಅಣ್ಣಾ, ನಾಳೆ ಪುಟ್ಟಿ ಫೋನ್ ಮಾಡ್ತಾಳೆ. ನೀನೇ ಹೇಳಿಬಿಡು. ನನ್ನ ಕೈಲಾಗಲ್ಲ."

ಅವಳನ್ನು ಬಸ್ಸು ಹತ್ತಿಸಿ, ಮೇಜಿನಲ್ಲಿ ಉಳಿದಿದ್ದ ಅವಳ ಲೋಟ, ಚಪ್ಪಲಿ, ಮಗುವಿನ ಫೋಟೋ ತರಲು ಅಣ್ಣ ಕಾರ್ಖಾನೆಗೆ ಹೋದ. ಬೆಸುಗೆಯ ಮುದುಕ ಎಲ್ಲವನ್ನೂ ಚೀಲಕ್ಕೆ ತುಂಬಿಕೊಟ್ಟು ಅಳುಮುಖ ಮಾಡಿದ. "ನಾನು ಹೇಳಿಬಿಡ್ಬೇಕಿತ್ತು ಸಾರ್. ಎರಡನೇ ದಿನಾನೇ ನಿಮ್ಮ ಮನೆಯವರು ದೀಪ ನೋಡಿ, ಜೀವ ಇದೆ ಬಾಯಿಲ್ಲ ಅಂದ್ರು. ಕಲೀಲಿ ಬಿಡಿ ಅಂದ್ರು. ಕಲಿಸೋಕೆ ಅಂತ ನಾನೂ ಸುಮ್ನಾದೆ."

ಅವನು ಮನೆಗೆ ಬಂದು ಚೀಲವನ್ನು ಮುಂಗೋಣೆಯಲ್ಲಿಟ್ಟ. ಬೇಡಮ್ಮ ಕಾಫಿ ತಂದಳು.

"ಎರಡನೇ ದಿನಾನೇ ನಿಂಗೆ ಗೊತ್ತಿತ್ತಾ?"

ಅವಳು ಸುಳ್ಳು ಹೇಳಬಹುದಿತ್ತು. ಯಾಕೋ ಬಾಯಿಗೆ ಬರಲಿಲ್ಲ. "ಗೊತ್ತಿತ್ತು" ಎಂದಳು.

ಅವನು ಕಿರುಚಲಿಲ್ಲ, ಕೈ ಎತ್ತಲಿಲ್ಲ. ಕಾಫಿ ಮುಟ್ಟಲಿಲ್ಲ, ಅಷ್ಟೆ. ತಂಗಿಯ ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ. ಅವಳು ಸಂಜೆಯೆಲ್ಲ ಮಾತಾಡಿಸಿದಳು. ಬೈದಳು, ಅತ್ತಳು, ಹನ್ನೆರಡು ವರ್ಷ ನೀನು ನನ್ನ ಜತೆ ಒಂದು ದಿನ ನಕ್ಕಿದ್ದೀಯಾ ಎಂದು ಕೇಳಿದಳು. ಅದು ನ್ಯಾಯವಾದ ಪ್ರಶ್ನೆಯೇ ಆಗಿತ್ತು. ಕೇಳುವ ಕಾಲ ಕಳೆದಿತ್ತು. ಅವನು ಉಸಿರಾಡುವುದು ಕಾಣುತ್ತಿತ್ತು, ಉತ್ತರ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಫೋನು ಹೊಡೆದುಕೊಂಡಿತು. ಅವನು ಕುರ್ಚಿಯಲ್ಲಿ ಕೂತಿದ್ದ, ಏಳಲಿಲ್ಲ. ಹೊಡೆದುಕೊಳ್ಳುತ್ತಲೇ ಇತ್ತು. ಕೊನೆಗೆ ಬೇಡಮ್ಮ ಎತ್ತಿದಳು.

"ಅತ್ತೇನಾ? ಅತ್ತೆ, ಅಮ್ಮನ ಮಶೀನು ಮಾತಾಡ್ತಾ?"

ಅವಳು ಗಂಡನತ್ತ ನೋಡಿದಳು. ಫೋನನ್ನು ಅವನ ಕಡೆ ಚಾಚಿದಳು. ಅವನು ನಿನ್ನೆಯಿಂದ ಮೊದಲ ಬಾರಿಗೆ ಬಾಯಿ ತೆರೆದ.

"ನೀನೇ ಹೇಳು."

"ಹಲೋ ಅತ್ತೆ? ಮಾತಾಡ್ತಾ?"

"ಮಾತಾಡ್ತು ಕಂದಾ."

ಆ ಕಡೆ ಮಗು ಕುಣಿದ ಸದ್ದು ಕೇಳಿಸಿತು. ಏನೋ ಬಿದ್ದಿತು, ಯಾರೋ ಗದರಿದರು. ಮತ್ತೆ ಏದುಸಿರಿನ ದನಿ. "ಹಂಗಾದ್ರೆ ಮಾವನ್ನ ಕಳಿಸಿ. ನಾನು ಬ್ಯಾಗಿಗೆ ಬಟ್ಟೆ ತುಂಬಿಟ್ಟಿದ್ದೀನಿ, ಬಣ್ಣದ ಪೆನ್ಸಿಲ್ಲೂ ಇಟ್ಟಿದ್ದೀನಿ. ಅಜ್ಜಿ ನಾವೆಲ್ಲೋ ಬೇರೆ ಊರಿಗೆ ಹೋಗ್ತೀವಿ ಅಂತಿದ್ದಾರೆ, ಸುಳ್ಳು ಅಲ್ವಾ? ನಾನು ಅಲ್ಲಿಗೆ ಬರ್ಲಾ, ಬೇಡ್ವಾ?"

ಬದುಕಿಡೀ ಇಂಥ ಸಾವಿರಾರು ಪ್ರಶ್ನೆಗಳಿಗೆ ಎಣಿಸಿ ಗುಣಿಸದೆ ಉತ್ತರ ಕೊಟ್ಟವಳು ಅವಳು. ಈಗ ಗೋಡೆಗೆ ಕೈ ಊರಿ ನಿಂತಳು. ಗಂಡ ಅವಳ ಬಾಯನ್ನೇ ನೋಡುತ್ತಿದ್ದ.

"ಬೇಡ ಕಂದಾ" ಎಂದಳು.

ಆ ಕಡೆಯಿಂದ ಯಾವ ಸದ್ದೂ ಬರಲಿಲ್ಲ. ಫೋನು ಕಡಿದಿರಲಿಲ್ಲ, ಮಗುವಿನ ಉಸಿರು ಕೇಳುತ್ತಿತ್ತು. ಬೇಡಮ್ಮ ಬಹಳ ಹೊತ್ತು ಹಿಡಿದುಕೊಂಡೇ ನಿಂತಿದ್ದಳು.