ಹೂರಣದ ಡಬ್ಬಿ, ಪಾಡ್ಯದ ಬಾಟಲಿ

ಗೋದಿ ಹಿಟ್ಟಿನ ಡಬ್ಬಿ ಇಳಿಸಲೆಂದು ಅಡಿಗೆಮನೆಯ ಮೇಲಿನ ಹಲಗೆಗೆ ಕೈಚಾಚಿದಾಗ, ಅದರ ಹಿಂದಿನಿಂದ ಅಂಗೈಯಗಲದ ಒಂದು ಸ್ಟೀಲ್ ಡಬ್ಬಿ ಉರುಳಿ ನನ್ನ ಹೆಗಲಿಗೆ ಬಡಿದು ನೆಲಕ್ಕೆ ಬಿತ್ತು. ಮುಚ್ಚಳ ತೆಗೆದು ಮೂಸಿದೆ. ಒಳಗೆ ಏನೂ ಇರಲಿಲ್ಲ. ಆದರೂ ಯಾಲಕ್ಕಿಯ ವಾಸನೆ ಬಂತು. ಸ್ಟೀಲಿಗೆ ವಾಸನೆ ಹಿಡಿಯುವುದಿಲ್ಲ ಎನ್ನುತ್ತಾರೆ. ಹಾಗೆನ್ನುವವರು ವರ್ಷ ವರ್ಷವೂ ಒಂದೇ ಡಬ್ಬಿಯಲ್ಲಿ ಹೂರಣ ಕಟ್ಟಿಸಿಕೊಂಡು ಹೋದವರಲ್ಲ.

ಡಬ್ಬಿ ನನ್ನ ಹೆಂಡತಿ ಶಾಂತಾಳದು. ಹೋದ ವರ್ಷ ಶ್ರಾವಣದಲ್ಲಿ ಆಕೆ ತೀರಿಕೊಂಡಳು. ನಮ್ಮಲ್ಲಿ ಸಾವಾದ ಮನೆಯಲ್ಲಿ ವರ್ಷ ತುಂಬುವತನಕ ಹಬ್ಬದಡಿಗೆಗೆ ಒಲೆ ಹಚ್ಚುವುದಿಲ್ಲ. ಓಣಿಯವರು ಕೊಟ್ಟದ್ದನ್ನು ಉಣ್ಣಬೇಕು. ಹೋದ ದೀಪಾವಳಿಗೆ ಏಳು ಮನೆಗಳ ಹೋಳಿಗೆ ಬಂದವು. ಒಂದೊಂದು ಒಂದೊಂದು ರುಚಿ, ಒಂದೂ ನಮ್ಮ ಮನೆಯದಲ್ಲ. ಈ ಶ್ರಾವಣಕ್ಕೆ ವರ್ಷ ತುಂಬಿತ್ತು. ಹಂಸಭಾವಿಗೆ ಕೊಟ್ಟ ಮಗಳು ಸುಮಾ ಫೋನ್ ಮಾಡಿ, "ಅಪ್ಪಾ, ಪಾಡ್ಯಕ್ಕ ನಾ ಬಂದು ಹೋಳಿಗಿ ಮಾಡ್ತೇನಿ. ಬಾಟ್ಲಿ ಮಾತ್ರ ನಿಂದ," ಎಂದಿದ್ದಳು.

ಬಾಟಲಿ ಎಂದ ಕೂಡಲೆ ನೀವು ಹುಬ್ಬೇರಿಸಬೇಡಿ. ಅದರ ಹಿಂದೆ ಒಂದು ಕತೆ ಇದೆ.

ಹಾನಗಲ್ಲಿನಲ್ಲಿ ನಮ್ಮ ಮನೆಗೆ ಅಂಟಿಕೊಂಡಿದ್ದ ಬಾಡಿಗೆ ಮನೆಯಲ್ಲಿ ಗ್ರೇಸಿ ಸಿಸ್ಟರ್ ಎಂಬ ನರ್ಸ್ ಇದ್ದರು, ಮಂಗಳೂರು ಕಡೆಯವರು. ಒಂದು ಕ್ರಿಸ್‌ಮಸ್ಸಿಗೆ ನಮ್ಮನ್ನು ಊಟಕ್ಕೆ ಕರೆದು, ಕೊನೆಗೆ ಕೇಕಿನ ಜೊತೆ ಬೆರಳುದ್ದದ ಗ್ಲಾಸಿನಲ್ಲಿ ತಾವೇ ಮಾಡಿದ ದ್ರಾಕ್ಷಿ ವೈನ್ ಕೊಟ್ಟರು. ನಾನು ಗ್ಲಾಸು ಹಿಡಿದು ಶಾಂತಾಳ ಮುಖ ನೋಡಿದೆ. ಅವಳು ಆಗಲೇ ಕುಡಿದು ಮುಗಿಸಿ ತುಟಿ ಒರೆಸಿಕೊಳ್ಳುತ್ತಿದ್ದಳು.

"ಇದು ಹೋಳಿಗಿ ಜೋಡಿ ಭಾಳ ಚಲೋ ಆಗತೈತಿ ನೋಡ್ರಿ ಸಿಸ್ಟರ್," ಎಂದಳು.

ಸಿಸ್ಟರ್ ನಕ್ಕು ಅವಳಿಗೊಂದು ಗುಟ್ಟು ಹೇಳಿಕೊಟ್ಟರು. ಸಿಹಿ ತಿನಿಸಿನ ಜೊತೆ ಕುಡಿಯುವ ವೈನು ಆ ತಿನಿಸಿಗಿಂತ ಒಂದು ಗುಂಜಿಯಾದರೂ ಹೆಚ್ಚು ಸಿಹಿ ಇರಬೇಕು. ಇಲ್ಲದಿದ್ದರೆ ಎಷ್ಟು ಒಳ್ಳೆಯ ವೈನೂ ಬಾಯಲ್ಲಿ ಹುಳಿಯಾಗುತ್ತದೆ. ನಂಬಿಕೆ ಬರದಿದ್ದರೆ ಪೇಢೆ ತಿಂದು ಮೇಲೆ ಚಹಾ ಕುಡಿದು ನೋಡಿ, ಸಕ್ಕರೆಯೇ ಇಲ್ಲವೆನ್ನಿಸುತ್ತದೆ.

ಮುಂದಿನ ದೀಪಾವಳಿಯ ಹೊತ್ತಿಗೆ ಸಿಸ್ಟರಿಗೆ ವರ್ಗವಾಗಿತ್ತು. ಶಾಂತಾ ನನ್ನನ್ನೇ ಬಾಟಲಿ ತರಲು ಹಚ್ಚಿದಳು. ಆ ಮೊದಲ ಬಾಟಲಿಯನ್ನು ಏನು ಮಾಡಿದಳು ಗೊತ್ತೆ? ಕಾಯಿಸಿದಳು. ಹೊರಗಿನಿಂದ ಬಂದ ಹಾಲನ್ನು ಕಾಯಿಸದೆ ಕುಡಿಯದ ಮನೆ ನಮ್ಮದು. ಇದನ್ನು ಹೇಗೆ ಬಿಟ್ಟಾಳು? ಲವಂಗ, ಒಣಶುಂಠಿ ಹಾಕಿ ಕುದಿಸಿದ್ದರಿಂದ ಮನೆಯೆಲ್ಲ ಘಮಘಮ ಎಂದಿತು. ಪಡಸಾಲೆಯಲ್ಲಿ ಕುಳಿತಿದ್ದ ನಮ್ಮವ್ವ, "ಏನ್ ಕುದಿಸಾಕತ್ತಿಬೇ?" ಎಂದು ಕೂಗಿದಳು. "ನೆಗಡಿ ಕಷಾಯ ರೀ ಅತ್ತಿ," ಎಂದಳು ಶಾಂತಾ. ಅವ್ವನಿಗೆ ನೆಗಡಿ ಇರಲಿಲ್ಲ. ಆದರೂ ಒಂದು ಬಟ್ಟಲು ಕುಡಿದಳು. ಮರುದಿನ ಸಂಜೆಗೆ ಸಣ್ಣಗೆ ಕೆಮ್ಮಿ, "ನಿನ್ನಿ ಕಷಾಯ ಉಳದೈತೇನ?" ಎಂದು ಕೇಳಿದಳು. ಅವ್ವ ಇರುವವರೆಗೂ ಪಾಡ್ಯ ಬಂತೆಂದರೆ ಅವಳಿಗೆ ನೆಗಡಿಯಾಗುತ್ತಿತ್ತು.

ಆ ಬಳಿಕ ಶಾಂತಾ ಒಂದು ಪದ್ಧತಿ ಮಾಡಿದಳು. ಅಮಾವಾಸ್ಯೆಯ ದಿನ ಸ್ವಲ್ಪ ಹೂರಣ ಮುಂಚಿತವಾಗಿ ರುಬ್ಬಿ, ಈ ಡಬ್ಬಿಯಲ್ಲಿ ತುಂಬಿ ನನ್ನ ಕೈಗೆ ಕೊಡುವಳು.

"ನಾಕ್ ನಮೂನಿ ಸಣ್ಣ ಬಾಟ್ಲಿ ತಗೋರಿ. ಒಂದ್ ಚಿಟಿಕಿ ಹೂರಣ ಬಾಯಾಗ ಇಟ್ಕೊಂಡು ಒಂದೊಂದ್ ಗುಟುಕು ನೋಡ್ರಿ. ಯಾವುದು ಹುಳಿ ಆಗಂಗಿಲ್ಲ, ಅದರದು ದೊಡ್ಡದು ತರ್ರಿ. ಸೀರಿ ತರೂಮುಂದ ಸೆರಗು ಬಿಚ್ಚಿ ನೋಡೂದಿಲ್ಲೇನು?"

ಹೇಳಿಕೊಟ್ಟದ್ದು ಸರಿಯಾಗಿಯೇ ಇತ್ತು. ಆದರೆ ನಾನು ಸರಕಾರಿ ಬಸ್ಸಿನ ಕಂಡಕ್ಟರ್. ಹಾನಗಲ್ಲಿನಲ್ಲಿ ಕೊಂಡರೆ ಗುರುತಿನವರು ನೋಡುತ್ತಾರೆಂದು ಒಂದು ವರ್ಷ ಶಿಗ್ಗಾಂವಿಗೆ, ಒಂದು ವರ್ಷ ಸವಣೂರಿಗೆ, ಇನ್ನೊಂದು ವರ್ಷ ಹಿರೇಕೆರೂರಿಗೆ ಹೋದೆ. ಆ ಎಲ್ಲ ದಾರಿಗಳಲ್ಲಿಯೂ ನಾನೇ ಟಿಕೆಟ್ ಹರಿದವನು ಎಂಬುದು ಹೇಗೋ ಮರೆತುಹೋಗಿತ್ತು. ಗಡ್ಡ ಬಿಟ್ಟರೂ ಕಂಡಕ್ಟರನ ಗುರುತು ಸಿಗುತ್ತದೆ, ಯಾಕೆಂದರೆ ಜನ ಅವನ ಮುಖ ನೆನಪಿಡುವುದಿಲ್ಲ, ಅವನು ಕೊಡದೆ ಉಳಿಸಿಕೊಂಡ ಚಿಲ್ಲರೆ ನೆನಪಿಡುತ್ತಾರೆ. ಶಿಗ್ಗಾಂವಿಯ ಅಂಗಡಿಯ ಮುಂದೆ ದುಂಡಸಿಯ ಒಬ್ಬ ಮುದುಕ ನನ್ನನ್ನು ಹಿಡಿದು ನಿಲ್ಲಿಸಿ, "ಏನ್ರಿ ಕಂಡಕ್ಟರ, ಇದ್ಯಾವ ಸ್ಟಾಪ್ ರೀ? ನಮ್ಮನ್ನ ಇಲ್ಲಿ ಒಂದ್ ದಿನಾನೂ ಇಳಿಸಿಲ್ಲಲ್ಲ," ಎಂದ. ಸುತ್ತಲಿನವರು ನಕ್ಕರು. ನಾನು ಕೈಗೆ ಸಿಕ್ಕದ್ದನ್ನು ಕೊಂಡು ಓಡಿದೆ.

ಇನ್ನೊಂದು ಮಾತು. ವೈನ್ ಶಾಪ್ ಎಂದು ಬೋರ್ಡು ಹಾಕಿದ ಅಂಗಡಿಯಲ್ಲಿ ವೈನ್ ಒಂದನ್ನು ಬಿಟ್ಟು ಎಲ್ಲ ಸುಲಭವಾಗಿ ಸಿಗುತ್ತದೆ. ವೈನ್ ಇರುವುದು ಎಲ್ಲಕ್ಕೂ ಹಿಂದೆ, ಧೂಳು ಹಿಡಿದು. ಅದನ್ನು ಹೆಸರು ಹೇಳಿ ಕೇಳಬೇಕು, ಅಂಗಡಿಯವನು ಏಣಿ ತರಬೇಕು, ಅಲ್ಲಿಯತನಕ ಎಲ್ಲರೂ ನಮ್ಮನ್ನೇ ನೋಡಬೇಕು. ಅಷ್ಟು ಧೈರ್ಯ ನನಗೆ ಒಮ್ಮೆಯೂ ಬರಲಿಲ್ಲ. ದ್ರಾಕ್ಷಿಯ ಚಿತ್ರವಿದ್ದ ಯಾವುದೋ ಬಾಟಲಿಗೆ ಬೆರಳು ತೋರಿಸುವುದು, ಪೇಪರಿನಲ್ಲಿ ಸುತ್ತಿಸಿಕೊಳ್ಳುವುದು, ಬಸ್ಸು ಹತ್ತುವುದು, ಇಷ್ಟೇ ನನ್ನ ಆಯ್ಕೆ.

ಹಾಗಾದರೆ ಹೂರಣ? ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಅದನ್ನು ನಾನೇ ತಿಂದುಬಿಡುತ್ತಿದ್ದೆ. ಹಾನಗಲ್ ಬರುವ ಹೊತ್ತಿಗೆ ಡಬ್ಬಿ ತೊಳೆದಿಟ್ಟಷ್ಟು ಸ್ವಚ್ಛ.

ಶಾಂತಾ ಡಬ್ಬಿ ಅಲುಗಾಡಿಸಿ, "ಡಬ್ಬಿ ಖಾಲಿ ಆಗೇತಿ. ಭಾಳ ಹೊಂದಿಸಿ ನೋಡೀರಿ ಅನಸ್ತೈತಿ," ಎನ್ನುತ್ತಿದ್ದಳು.

"ಆರು ನಮೂನಿ ನೋಡ್ದೆ," ಎನ್ನುತ್ತಿದ್ದೆ. ಒಂದು ವರ್ಷ ಎಂಟು ಎಂದೆ.

ಆಶ್ಚರ್ಯದ ಮಾತೆಂದರೆ ಪ್ರತಿ ಪಾಡ್ಯಕ್ಕೂ ನನ್ನ ಬಾಟಲಿ ಹೋಳಿಗೆಗೆ ಹೇಳಿ ಮಾಡಿಸಿದಂತೆ ಹೊಂದುತ್ತಿತ್ತು. ಹುಳಿ ಎಂಬುದೇ ಇಲ್ಲ. ಶಾಂತಾ ಒಂದು ಗುಟುಕು ಕುಡಿದು, ಶಾಲೆಯ ಮಾಸ್ತರರಂತೆ, "ಈ ಸಲಾನೂ ಪಾಸ್," ಎನ್ನುವಳು. ವರ್ಷಗಳು ಕಳೆದಂತೆ ನನಗೂ ನನ್ನ ಬೆರಳಿನಲ್ಲಿ ಏನೋ ಗುಣ ಇದೆ ಎನ್ನಿಸತೊಡಗಿತು. ಮದುವೆ ಮನೆಗಳಲ್ಲಿ ಯಾರಾದರೂ ಕುಡಿಯುವ ಮಾತೆತ್ತಿದರೆ ನಾನು ಗಂಟಲು ಸರಿ ಮಾಡಿಕೊಂಡು, ಸಿಹಿಗೆ ಯಾವುದು ಹೊಂದುತ್ತದೆಂದು ವಿವರಿಸಿದ್ದೂ ಉಂಟು. ಪಾಡ್ಯದ ಹೋಳಿಗೆ ಮಾತ್ರ ತುಸು ಸಪ್ಪೆ ಎನ್ನಿಸುತ್ತಿತ್ತು. ವಯಸ್ಸಾಯಿತು, ನಾಲಿಗೆ ಮೊಂಡಾಯಿತು ಎಂದುಕೊಂಡಿದ್ದೆ.

ಈ ವರ್ಷವೂ ಹಬ್ಬಕ್ಕೆ ಮೂರು ದಿನ ಮುಂಚೆ ಖಾಲಿ ಡಬ್ಬಿಯನ್ನೇ ಜೇಬಿಗೆ ಹಾಕಿಕೊಂಡು ಶಿಗ್ಗಾಂವಿಗೆ ಹೋದೆ. ನಿವೃತ್ತನಾದರೂ ಅಂಜಿಕೆ ನಿವೃತ್ತವಾಗಿರಲಿಲ್ಲ. ಬೆರಳು ತೋರಿಸಿ ಒಂದು ಬಾಟಲಿ ತಂದೆ. ನನಗೆ ಬೇಕಾಗಿದ್ದುದು ಇಷ್ಟೇ: ಶಾಂತಾ ಇಲ್ಲದೆಯೂ ಆ ಊಟ ಹಿಂದಿನ ಹಾಗೆಯೇ ಆಗಬೇಕು, ಒಂದು ಗುಟುಕಿನಷ್ಟಾದರೂ.

ಅಮಾವಾಸ್ಯೆಯ ಮುಂಜಾನೆ ಸುಮಾ ಬಂದು ಮೊದಲು ಸ್ವಲ್ಪವೇ ಹೂರಣ ಮಾಡಿದಳು. ಶಾಂತಾಳ ಕೈಯೇ ಅವಳಿಗೂ ಬಂದಿದೆ. ಒಂದು ಉಂಡೆ ಬಾಯಿಗೆ ಹಾಕಿಕೊಂಡು, ಬಾಟಲಿ ತೆರೆದು, ಗುಟುಕು ಕುಡಿದೆ. ಹುಣಸೆಹಣ್ಣು ಚೀಪಿದಂತಾಯಿತು. ಇನ್ನೊಂದು ಗುಟುಕು ಕುಡಿದೆ. ಅದೂ ಹಾಗೆಯೇ. ನನ್ನ ಕೈಯ ಗುಣ ಶಾಂತಾಳ ಜೊತೆಗೇ ಹೋಯಿತು ಎಂದುಕೊಂಡೆ.

ಸುಮಾ ನನ್ನ ಮುಖ ನೋಡಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ಹುಳಿ ಆತೇನಪ್ಪಾ?"

"ಹಿಂದ ಒಂದ್ ವರ್ಷನೂ ಹಿಂಗ ಆಗಿದ್ದಿಲ್ಲ," ಎಂದೆ.

"ಪ್ರತಿ ವರ್ಷಾ ಹಿಂಗ ಆಗತಿತ್ತು. ನೀ ಜಳಕಕ್ಕ ಹೋದಾಗ ಅವ್ವ ನಿನ್ನ ಬಾಟ್ಲಿ ಬಿಚ್ಚಿ ರುಚಿ ನೋಡತಿದ್ಲು. ಅದು ಎಷ್ಟ್ ಸೀ ಐತಿ ನೋಡಿ, ಅದಕ್ಕಿಂತ ಕಡಿಮಿ ಆಗೂವಷ್ಟ ಬೆಲ್ಲಾ ಹೂರಣಕ್ಕ ಹಾಕತಿದ್ಲು. ಒಂದ್ ವರ್ಷಂತೂ ಹೂರಣ ಬರೀ ಬ್ಯಾಳಿನ ಆಗಿತ್ತು. ನಾ ಕೇಳಿದ್ರ, 'ನಿಮ್ಮಪ್ಪ ಅಂಗಡ್ಯಾಗ ಬಾಯಿ ಬಿಡಂಗಿಲ್ಲ, ಹೂರಣ ಬಸ್ಸಿನ್ಯಾಗ ತಿಂತಾನ. ಬಾಟ್ಲಿ ಬದಲಾಗಂಗಿಲ್ಲ, ಹೋಳಿಗೀನ ಬದಲ್ ಮಾಡ್ಬೇಕು,' ಅಂತಿದ್ಲು."

ಹೂರಣಕ್ಕೆ ಬೆಲ್ಲದಲ್ಲಿ ಜಿಪುಣತನ ಮಾಡುವವರನ್ನು ಕಂಡರಾಗದ ಹೆಣ್ಣು ಆಕೆ. ನನ್ನ ಒಂದು ಸುಳ್ಳು ಸುಳ್ಳಾಗದಿರಲೆಂದು ಇಷ್ಟು ಹಬ್ಬಗಳಲ್ಲಿ ಸಪ್ಪೆ ಹೋಳಿಗೆ ಉಂಡು ಪಾಸ್ ಎಂದಿದ್ದಳು.

"ಈಗ್ಲೂ ಬೆಲ್ಲಾ ಕಡಿಮಿ ಮಾಡ್ಲೇನು?" ಎಂದಳು ಸುಮಾ.

"ಬ್ಯಾಡ. ಯಾವಾಗ್ಲೂ ಮಾಡೂವಷ್ಟ ಸೀ ಮಾಡು. ಈ ಡಬ್ಬಿಗೆ ಒಂದಿಷ್ಟು ತುಂಬು," ಎಂದೆ.

ಹತ್ತು ಗಂಟೆಯ ಬಸ್ಸಿಗೆ ಸವಣೂರಿಗೆ ಹೋದೆ. ಅಂಗಡಿಯ ಪಕ್ಕದಲ್ಲಿ ನಿಂತು ಕುಡಿಯುವವರಿಗಾಗಿ ಒಂದು ಕಟ್ಟೆ ಇತ್ತು, ಅಲ್ಲಿ ಮೂವರು ನಿಂತಿದ್ದರು. ನಾನು ಬಸ್ಸಿನಲ್ಲಿ ಊರು ಕೂಗುತ್ತಿದ್ದ ದನಿಯಲ್ಲಿಯೇ ಕೇಳಿದೆ: "ಹೋಳಿಗಿಗೆ ಹೊಂದೂವಂಥಾ ಸೀ ವೈನ್ ಬೇಕಾಗಿತ್ತು. ಎಷ್ಟ್ ನಮೂನಿ ಅದಾವು, ಒಂದೊಂದ್ ಸಣ್ಣ ಬಾಟ್ಲಿ ತಗೀರಿ."

ಅಂಗಡಿಯವನು ನನ್ನನ್ನೊಮ್ಮೆ, ಡಬ್ಬಿಯನ್ನೊಮ್ಮೆ ನೋಡಿ ಏಣಿ ತಂದ. ಧೂಳು ಒರೆಸಿ ಮೂರು ಬಾಟಲಿ ಇಟ್ಟ. ನಾನು ಡಬ್ಬಿ ತೆರೆದೆ.

"ಏನ್ರಿ ಕಂಡಕ್ಟರ ಅದು, ಸೇಂಗಾ ಏನು?" ಎಂದ ಕಟ್ಟೆಯ ಹತ್ತಿರ ಇದ್ದವನೊಬ್ಬ. ಗುರುತು ಹಿಡಿದೇಬಿಟ್ಟಿದ್ದ.

"ಹೂರಣ. ನಮ್ಮ ಮನಿಯಾಕಿ ಪದ್ಧತಿ. ಇದರ ಜೋಡಿ ರುಚಿ ನೋಡಬೇಕು."

"ಒಬ್ಬರ ನಾಲಿಗಿ ನಂಬಾಕ ಬರಂಗಿಲ್ರಿ," ಎಂದು ಅವನು ಕೈ ಚಾಚಿದ. ಉಳಿದಿಬ್ಬರೂ ಚಾಚಿದರು. ಅಂಗಡಿಯವನೂ ಕೆಳಗಿಳಿದು ಬಂದ. ಮೊದಲನೆಯದು ಹುಳಿ ಎಂದು ಐವರಲ್ಲಿಯೂ ಒಮ್ಮತ. ಎರಡನೆಯದಕ್ಕೆ ಜಗಳವಾಯಿತು. ಪೋರ್ಟ್ ಎಂದು ಬರೆದಿದ್ದ ಮೂರನೆಯದು ಹೂರಣಕ್ಕಿಂತ ಒಂದು ಗುಂಜಿ ಹೆಚ್ಚೇ ಸಿಹಿ ಇತ್ತು. ಮೊದಲು ಕೈ ಚಾಚಿದವನು, "ಇನ್ನೊಂದಿಷ್ಟು ಹೂರಣ ಐತೇನ್ರಿ? ಖಾತ್ರಿ ಮಾಡ್ಕೊಳ್ಳೂಣು," ಎಂದ. ಹೀಗೆ ನಾಲ್ಕು ಸಲ ಖಾತ್ರಿಯಾಯಿತು. ಹೊರಡುವಾಗ ಅಂಗಡಿಯವನು ದೊಡ್ಡ ಬಾಟಲಿಯನ್ನು ಪೇಪರಿನಲ್ಲಿ ಸುತ್ತಲು ಹೋದ. ಬೇಡ ಎಂದೆ. ಬಾಟಲಿಯನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡೇ ಬಸ್ಸಿನಲ್ಲಿ ಬಂದೆ.

ಮನೆಗೆ ಬಂದಾಗ ಸುಮಾ ಒಲೆಯ ಮುಂದೆ ಇದ್ದಳು. ಡಬ್ಬಿ ಇಸಿದುಕೊಂಡು ಕಿವಿಯ ಹತ್ತಿರ ಅಲುಗಾಡಿಸಿದಳು. ಅಲುಗಾಡಿಸುವ ಆ ರೀತಿ ಅವಳಿಗೆ ಯಾರೂ ಕಲಿಸಿದ್ದಲ್ಲ.

"ಡಬ್ಬಿ ಖಾಲಿ ಆಗೇತಿ," ಎಂದಳು. "ಬಸ್ಸಿನ್ಯಾಗ?"

"ಇಲ್ಲ ಸುಮವ್ವ," ಎಂದೆ. "ಮೂರು ನಮೂನಿ ನೋಡ್ದೆ."